ಉಪ್ಪುನೀರಿಗೂ ಉಬ್ಬಿದ ಕೈ

ಕಾಪುವಿನ ನಮ್ಮ ಮನೆಯಲ್ಲಿ ಸಿಗಡಿ ಬಂದ್ ಆದದ್ದು ನನ್ನ ದೆಸೆಯಿಂದ. ಒಂದು ಭಾನುವಾರ ಸಿಗಡಿ ಸುಕ್ಕ ಉಂಡು ಎದ್ದವನಿಗೆ ಮೈತುಂಬ ತುರಿಸುವ ದದ್ದು, ಗಂಧೆ ಎದ್ದಿತು. ಊಟಕ್ಕೆ ಮೊದಲು ಗದ್ದೆಯಲ್ಲಿ ವಾಲಿಬಾಲ್ ಆಡಿ, ಚೆಂಡಿಗಿಂತ ಹೆಚ್ಚು ನಾನೇ ಹುಲ್ಲಿನ ಮೇಲೆ ಉರುಳಿ, ಮೈಯೆಲ್ಲ ಕೆರೆದುಕೊಂಡಿದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಾನೂ ಸೇರಿ. ಅಮ್ಮ ಅಲ್ಲೇ ತೀರ್ಪು ಕೊಟ್ಟಳು, “ಇನ್ನು ಈ ಮನೆಗೆ ಸಿಗಡಿ ಬೇಡ. ಅದರ ವಾಸನೆಯೂ ಬೇಡ.”

ಪೆಟ್ಟು ಬಿದ್ದದ್ದು ಅಜ್ಜಿಗೆ. ಅಜ್ಜಿಯ ತವರು ಉಚ್ಚಿಲ. ಒಣ ಸಿಗಡಿ ಚಟ್ನಿ ಇಲ್ಲದೆ ಅವಳಿಗೆ ಗಂಜಿ ಇಳಿಯುವುದಿಲ್ಲ. ಈಗ ಉಪ್ಪಿನಕಾಯಿ ನೆಕ್ಕುತ್ತಾ, ಹಿತ್ತಲಿಗೂ ಕೇಳುವ ಹಾಗೆ ನಿಟ್ಟುಸಿರು ಬಿಡುತ್ತಿದ್ದಳು.

“ತುರಿಸುವುದು ಇವನಿಗೆ. ಬಾಯಿಗೆ ಬೀಗ ನನಗೆ. ಇದು ಎಂತ ನ್ಯಾಯ?”

ನಾನು ನಿಟ್ಟೆಯ ಹಾಸ್ಟೆಲಿನಲ್ಲಿದ್ದುಕೊಂಡು ಇಂಜಿನಿಯರಿಂಗ್ ಓದುತ್ತಿದ್ದವನು. ಓದುತ್ತಿದ್ದೆ ಅನ್ನುವುದು ಅಪ್ಪನ ನಂಬಿಕೆ. ವಾರಕ್ಕೊಮ್ಮೆ ಮನೆಗೆ ಬಂದರೆ ಅಜ್ಜಿ ಗಂಜಿ ಬಟ್ಟಲಿನ ಮೇಲಿಂದ ನನ್ನನ್ನು ನೋಡುತ್ತಿದ್ದ ರೀತಿಗೆ ಹಾಸ್ಟೆಲಿನ ಸಾಂಬಾರೇ ವಾಸಿ ಅನಿಸುತ್ತಿತ್ತು. ತಮಾಷೆ ಏನೆಂದರೆ, ಸಿಗಡಿ ಬಿಟ್ಟ ಮೇಲೂ ಗಂಧೆ ನಿಲ್ಲಲಿಲ್ಲ. ಬ್ಯಾಗಿನ ಪಟ್ಟಿ ಒತ್ತಿದಲ್ಲಿ, ಸಾಕ್ಸಿನ ಅಂಚಿನಲ್ಲಿ ಏಳುತ್ತಲೇ ಇತ್ತು. ಹಾಗಾಗಿ ನಿರ್ಧಾರ ಮಾಡಿದೆ. ಸಿಗಡಿಯೇ ಕಳ್ಳನೋ ಅಲ್ಲವೋ ಪತ್ತೆ ಮಾಡಿಯೇ ಸಿದ್ಧ.

ಮಣಿಪಾಲದಲ್ಲಿ ಅಲರ್ಜಿ ನೋಡುವ ಡಾಕ್ಟರಮ್ಮನ ಬಳಿ ಅಮ್ಮನ ಜೊತೆ ಹೋದೆ. ಮುಂಗೈ ಮೇಲೆ ಒಂದೊಂದು ದ್ರವದ ಹನಿ ಇಟ್ಟು, ಸೂಜಿಯಿಂದ ಚುಚ್ಚಿ, ಯಾವುದು ಉಬ್ಬುತ್ತದೆ ಎಂದು ನೋಡುವ ಪರೀಕ್ಷೆ. ನಾನು ವೀರನ ಹಾಗೆ ಕೈ ಚಾಚಿದೆ. ಡಾಕ್ಟರಮ್ಮ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

“ಕೈ ಯಾಕೆ ಹೀಗೆ ಕೆಂಪು ಉಂಟು?”

“ಪುನರ್ಪುಳಿ,” ಎಂದೆ. ಬೆಳಿಗ್ಗೆ ಅಜ್ಜಿ ಆ ಹಣ್ಣಿನ ಕೆಂಪು ಸಿಪ್ಪೆ ನೆನೆಸಿ, ಗಂಧೆಗೆ ಒಳ್ಳೆಯದೆಂದು ನನ್ನ ಎರಡೂ ಕೈಗೆ ತಿಕ್ಕಿದ್ದಳು. ಕೈ ಶರಬತ್ತಿನಲ್ಲಿ ಅದ್ದಿ ತೆಗೆದಂತಿತ್ತು.

“ಮಾತ್ರೆ ಏನಾದರೂ ತಗೊಂಡಿದ್ದೀಯಾ?”

ಅಮ್ಮ ಹೆಮ್ಮೆಯಿಂದ ಹೇಳಿದಳು, “ತುರಿಕೆಯ ಮಾತ್ರೆ ನಾನೇ ಕೊಟ್ಟು ಕರ್ಕೊಂಡು ಬಂದೆ ಡಾಕ್ಟ್ರೇ. ಇಷ್ಟು ದೊಡ್ಡ ಆಸ್ಪತ್ರೆಗೆ ಬರುವಾಗ ಮಂಗನ ಹಾಗೆ ಕೆರ್ಕೊಂಡು ಬಂದರೆ ಎಷ್ಟು ನಾಚಿಕೆ ಅಲ್ವಾ?”

ಕಾಯಿಲೆ ತೋರಿಸಲು ಹೊರಟವನ ಕಾಯಿಲೆಯನ್ನು ಮುಚ್ಚಿ, ಮೇಲೆ ಬಣ್ಣ ಬಳಿದು ಕರೆತಂದಿದ್ದರು. ಮಾತ್ರೆ ಒಳಗಿದ್ದರೆ ಯಾವ ಹನಿಯೂ ಉಬ್ಬುವುದಿಲ್ಲವಂತೆ. “ಮಾತ್ರೆ ಬಿಟ್ಟು ಒಂದು ವಾರ ಕಳೆದು ಬಾ. ಬಣ್ಣ ಹಚ್ಚದೆ ಬಾ,” ಎಂದು ಕಳುಹಿಸಿದರು.

ಆ ವಾರ ನಾನು ಮಾಡಿದ ತಪಸ್ಸನ್ನು ಯಾವ ಋಷಿಯೂ ಮಾಡಿರಲಾರ. ಕಾರ್ಕಳದಿಂದ ನಿಟ್ಟೆಗೆ ಬಸ್ಸಿನಲ್ಲಿ ನಿಂತು ಹೋಗುವಾಗ ಬೆನ್ನು ಕಂಬಿಗೆ ಒರೆಸಿಕೊಂಡು, “ಎಂತ ಮಾರಾಯ, ಕಂಬಿ ಪಾಲಿಶ್ ಮಾಡ್ತಿದ್ದೀಯಾ?” ಎಂದು ಕಂಡಕ್ಟರನಿಂದ ಕೇಳಿಸಿಕೊಂಡೆ. ಲ್ಯಾಬಿನಲ್ಲಿ ಸ್ಕೇಲನ್ನು ಕಾಲರಿನೊಳಗೆ ಇಳಿಸಿ ಕೆರೆಯುತ್ತಿದ್ದಾಗ ಮೇಷ್ಟ್ರು ಹಿಂದೆಯೇ ನಿಂತಿದ್ದರು. ಆದರೂ ಮಾತ್ರೆ ಮುಟ್ಟಲಿಲ್ಲ.

ಎರಡನೇ ಸಲ ಅಜ್ಜಿ ತಾನೇ ಹೊರಟಳು. ಹನಿಗಳು ಕುಳಿತವು: ಧೂಳು, ಜಿರಳೆ, ಸಿಗಡಿ. ಪಕ್ಕದಲ್ಲಿ ತಾಳೆ ನೋಡಲು ಬರೀ ಉಪ್ಪುನೀರಿನ ಹನಿ. ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ಉಬ್ಬಿದವು. ಯಾರಿಗೂ ಉಬ್ಬಬಾರದ ಉಪ್ಪುನೀರೂ ಉಬ್ಬಿತು!

“ಸಮುದ್ರದ ಬದಿಯಲ್ಲಿ ಹುಟ್ಟಿ ಉಪ್ಪುನೀರು ಆಗುವುದಿಲ್ಲವಾ ನಿನಗೆ?” ಅಜ್ಜಿ ಹಣೆ ಚಚ್ಚಿಕೊಂಡಳು.

ಡಾಕ್ಟರಮ್ಮ ಪೆನ್ನಿನ ಮುಚ್ಚಳದಿಂದ ನನ್ನ ಇನ್ನೊಂದು ಕೈಯ ಮೇಲೆ ಗೀರು ಎಳೆದರು. ನೋಡುನೋಡುತ್ತಿದ್ದಂತೆ ಗೀರು ಹಗ್ಗದ ಹಾಗೆ ಎದ್ದು ನಿಂತಿತು.

“ಉಬ್ಬಿಸಿದ್ದು ನೀರಲ್ಲ, ಸೂಜಿ,” ಎಂದರು. ಚರ್ಮದೊಳಗೆ ಮಾಸ್ಟ್ ಕೋಶಗಳೆಂಬ ಕಾವಲಿನವರು ಇರುತ್ತಾರಂತೆ. ಅವರ ಹೊಟ್ಟೆಯಲ್ಲಿ ಉರಿ ತುಂಬಿದ ಸಣ್ಣ ಸಣ್ಣ ಚೀಲ. ಅಪಾಯ ಕಂಡರೆ ಒಡೆದು, ಊದಿಸಿ, ಉಳಿದವರನ್ನು ಕರೆಯುತ್ತಾರೆ. ನನ್ನವು ಸುಮ್ಮನೆ ಉಜ್ಜಿದರೂ ಚೀಲ ಒಡೆಯುವ ಜಾತಿ.

“ಅವನ್ನು ತೆಗೆದು ಬಿಸಾಡಲಿಕ್ಕೆ ಆಗುವುದಿಲ್ಲವಾ ಡಾಕ್ಟ್ರೇ?” ಅಜ್ಜಿ ಕೇಳಿದಳು.

“ಬಿಸಾಡಿದರೆ ನಷ್ಟ ಅಮ್ಮ. ಗಾಯ ಒಣಗಲಿಕ್ಕೆ, ಕ್ರಿಮಿ ಓಡಿಸಲಿಕ್ಕೆ ಅವೂ ಕೈ ಜೋಡಿಸುತ್ತವೆ. ಇವನು ತಾಯಿಯ ಹೊಟ್ಟೆಯಲ್ಲಿ ಇದ್ದಾಗಲೇ ಬಂದು ಚರ್ಮದಲ್ಲಿ ಕೂತಿವೆ.”

“ಹಾಗಾದರೆ ನನ್ನ ಸೊಸೆಯದ್ದೇ ತಪ್ಪು,” ಎಂದು ಅಜ್ಜಿ ಕೂಡಲೇ ಕೇಸು ಮುಗಿಸಿದಳು.

ಮುಗಿದಿರಲಿಲ್ಲ. ಸಿಗಡಿ ಪೂರ್ತಿ ಖುಲಾಸೆಯಾಗಲು ರಕ್ತಪರೀಕ್ಷೆ ಬೇಕಿತ್ತು. ಅದರಲ್ಲಿ ಸಿಗಡಿಯ ವಿರುದ್ಧ ಏನೂ ಸಿಗಲಿಲ್ಲ. ಕೊನೆಗೆ ಡಾಕ್ಟರಮ್ಮನ ಕಣ್ಣೆದುರೇ, ಆಸ್ಪತ್ರೆಯಲ್ಲೇ, ತಿಂದು ತೋರಿಸಬೇಕು. ಮನೆಯಲ್ಲಿ ಸ್ವಂತ ಧೈರ್ಯ ಬೇಡ ಎಂದು ನನ್ನ ಮುಖ ನೋಡಿಯೇ ಎಚ್ಚರಿಸಿದರು.

ಆ ದಿನ ಅಜ್ಜಿ ಬರೀ ಉಪ್ಪು ಹಾಕಿ ಬೇಯಿಸಿದ ಸಿಗಡಿಯನ್ನು ಡಬ್ಬಿಯಲ್ಲಿ ತಂದಳು. ಮೊದಲು ಉಗುರಿನಷ್ಟು ಚೂರು, ಆಮೇಲೆ ಸ್ವಲ್ಪ ದೊಡ್ಡದು, ಆಮೇಲೆ ಇಡೀ ಸಿಗಡಿ. ನಡುನಡುವೆ ನರ್ಸ್ ನಾಡಿ ನೋಡುತ್ತಿದ್ದರು. ಭಯಕ್ಕೆ ಮೂಗು, ಕಿವಿ, ಅಂಗಾಲು ಎಲ್ಲ ಕಡೆ ತುರಿಸಿದಂತಾಯಿತು. ಕೆರೆದರೆ ನನ್ನ ಕಾವಲಿನವರೇ ಸಿಗಡಿಯ ಮೇಲೆ ಸುಳ್ಳು ಸಾಕ್ಷಿ ಹೇಳುತ್ತಾರೆ. ಎರಡೂ ಕೈಗಳ ಮೇಲೆ ಕುಳಿತುಬಿಟ್ಟೆ. ಅಜ್ಜಿ ಒಂದೊಂದೇ ತುಂಡನ್ನು ನನ್ನ ಬಾಯಿಗಿಟ್ಟಳು. ಡಬ್ಬಿ ಖಾಲಿಯಾಯಿತು. ಮತ್ತೂ ಕಾದೆವು. ಒಂದು ಗುಳ್ಳೆಯೂ ಏಳಲಿಲ್ಲ.

“ತಿನ್ನಬಹುದು,” ಎಂದರು ಡಾಕ್ಟರಮ್ಮ. “ಗೀರು ಗಂಧೆಗೆ ಮಾತ್ರೆ ಕೊಡ್ತೇನೆ. ಬಿಗಿ ಬಟ್ಟೆ ಬೇಡ, ಕೆರೆಯುವುದು ಬೇಡ.”

ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಅಜ್ಜಿಯೇ ಮೊದಲು ಬಸ್ಸು ಹತ್ತಿ ಟಿಕೆಟು ತೆಗೆದಳು. ಕಾಪು ಬಂತು. ನಾನು ಎದ್ದೆ. ಅಜ್ಜಿ ಕಿಟಕಿ ಬಿಟ್ಟು ಏಳಲಿಲ್ಲ.

“ಅಜ್ಜಿ, ನಮ್ಮ ಸ್ಟಾಪು!”

“ಇಳಿಯುವವ ನೀನು ಇಳಿ, ಮಗಾ. ನಾನು ಉಚ್ಚಿಲಕ್ಕೆ ಟಿಕೆಟು ಮಾಡಿದ್ದೇನೆ. ಒಣ ಸಿಗಡಿ ತಗೊಂಡೇ ಬರುವುದು. ನಿನ್ನ ಅಮ್ಮನಿಗೆ ತೆಂಗಿನಕಾಯಿ ತುರಿದಿಡಲಿಕ್ಕೆ ಹೇಳು.”