ಮೂವತ್ತೊಂದು ಸ್ಟಿಕ್ಕರ್

ಕಳೆದ ವಾರ ಅಂಚೆಯಲ್ಲಿ ಒಂದು ಪುಸ್ತಕ ಬಂತು. ಮಕ್ಕಳ ಚಿತ್ರಪುಸ್ತಕ. ಇಪ್ಪತ್ತನಾಲ್ಕೇ ಪುಟ. ಬೆರಳಾಡಿಸಿದರೆ ಕಾಗದ ನುಣ್ಣಗಿಲ್ಲ, ಅಲ್ಲಲ್ಲಿ ಏನೋ ತಡೆಯುತ್ತದೆ. ನೋಡಿದರೆ ಸ್ಟಿಕ್ಕರ್. ಉಗುರಿನಷ್ಟು ಸಣ್ಣ ಬಿಳಿ ಸ್ಟಿಕ್ಕರ್‌ಗಳು.

ಎಣಿಸಿದೆ. ಮೂವತ್ತೊಂದು.

ಕೆಲವುಗಳ ಮೇಲೆ 'ಅವಳು'. ಉಳಿದವುಗಳ ಮೇಲೆ 'ಬಂದಳು', 'ನಕ್ಕಳು', 'ಅಡಗಿದಳು'. ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಅಡಿಯಲ್ಲಿದ್ದ ಹಳೆಯ ಅಕ್ಷರ ಮಸುಕಾಗಿ ಕಾಣುತ್ತದೆ. 'ಅದು'. 'ಬಂತು'. 'ನಕ್ಕಿತು'. 'ಅಡಗಿತು'.

ಜೊತೆಗೊಂದು ಚೀಟಿ. 'ನೀವು ಹೇಳಿದ ಹಾಗೆ ಎಲ್ಲ ಪ್ರತಿಗಳಲ್ಲೂ ತಿದ್ದಿದ್ದೇನೆ. ಇನ್ನೇನಾದರೂ ತಪ್ಪು ಕಂಡರೆ ದಯವಿಟ್ಟು ತಿಳಿಸಿ.'

ನಾನು ಹೇಳಿದ ಹಾಗೆ! (ನನ್ನ ಮಾತನ್ನು ಇಷ್ಟು ವಿಧೇಯವಾಗಿ ಕೇಳಿದವರು ಈ ಭೂಮಿಯ ಮೇಲೆ ಇನ್ನೊಬ್ಬರಿಲ್ಲ. ನಮ್ಮ ಮನೆಯ ನಾಯಿಯೂ ಕೇಳುವುದಿಲ್ಲ.) ಸುಳ್ಳು ಯಾಕೆ, ಮೊದಲು ಹೆಮ್ಮೆಯೇ ಆಯಿತು.

ಮೂರು ತಿಂಗಳ ಹಿಂದಿನ ಮಾತು. ಮೂಡಬಿದಿರೆಯ ಪ್ರಭಾಕರ ಮಾಸ್ಟ್ರು ಫೋನ್ ಮಾಡಿದ್ದರು. ನಿವೃತ್ತ ಅಧ್ಯಾಪಕರು, ಪುಸ್ತಕದ ಹುಚ್ಚಿನವರು. ಸುತ್ತಮುತ್ತಲಿನ ಮೂವರು ತಮ್ಮ ಪುಸ್ತಕಗಳನ್ನು ತಾವೇ ಅಚ್ಚು ಹಾಕಿಸಿದ್ದಾರೆ, ಭಾನುವಾರ ಬೆಳಿಗ್ಗೆ ಬಂದು ಪರಿಚಯ ಮಾಡಿಕೊಡಬೇಕು ಎಂದರು. ಬೆಳುವಾಯಿಯ ನರ್ಸ್ ಒಬ್ಬರ ಕವಿತೆಗಳು. ಬಂಟ್ವಾಳದ ಬಸ್ ಕಂಡಕ್ಟರ್ ಒಬ್ಬರ ಕತೆಗಳು. ಮತ್ತೆ ನೆರಿಯದ ಶ್ಯಾಮಣ್ಣನ ಚಿತ್ರಪುಸ್ತಕ.

ಶ್ಯಾಮಣ್ಣ ಬೋರ್ಡ್ ಬರೆಯುವವರು. ಬೆಳ್ತಂಗಡಿ ಕಡೆಯ ಹಳೆಯ ಅಂಗಡಿಗಳ ಬೋರ್ಡಿನಲ್ಲಿ ದುಂಡಗಿನ, ಹೊಟ್ಟೆ ತುಂಬಿದ ಕನ್ನಡ ಅಕ್ಷರ ಕಂಡರೆ ಅದು ಅವರದೇ ಇರಬೇಕು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಯಿತು, ಕುಂಚ ಮಾತ್ರ ಒಣಗಲಿಲ್ಲ. ಅವರ ಪುಸ್ತಕದ ಹೆಸರು 'ಅದು ಎಲ್ಲಿ ಹೋಯಿತು?' ಒಂದು ಹುಡುಗಿ ಪುಟಪುಟದಲ್ಲೂ ಅಡಗಿಕೊಳ್ಳುತ್ತಾಳೆ. ಬಸ್‌ಸ್ಟ್ಯಾಂಡಿನ ಕಬ್ಬಿನ ಹಾಲಿನ ಗಾಡಿಯ ಹಿಂದೆ, ಬಸದಿಯ ಕಂಬದ ಮರೆಯಲ್ಲಿ, ಸುತ್ತಿಟ್ಟ ಚಾಪೆಯ ಒಳಗೆ. ಓದುವ ಮಗು ಹುಡುಕಬೇಕು.

ನಮ್ಮ ಪುಸ್ತಕ ಬಿಡುಗಡೆಗಳು ನಿಮಗೆ ಗೊತ್ತಲ್ಲ? ಶಾಲು, ಹಣ್ಣಿನ ಬುಟ್ಟಿ, ಹೊಗಳಿಕೆ. ಪುಸ್ತಕ ಓದದೆ ಅರ್ಧ ಗಂಟೆ ಮಾತಾಡುವುದೇ ಒಂದು ಕಲೆ. ನಾನು ಹಾಗೆ ಮಾಡಲಾರೆ ಎಂದು ಮೊದಲೇ ಹೇಳಿದ್ದೆ. ಓದುತ್ತೇನೆ, ಓದಿದ್ದನ್ನು ಹೇಳುತ್ತೇನೆ. ಅದಕ್ಕೇ ನಿನ್ನನ್ನು ಕರೆದದ್ದು ಎಂದಿದ್ದರು ಮಾಸ್ಟ್ರು. ಪಾಪ.

ಕಾಲೇಜಿನ ಚರ್ಚಾಸ್ಪರ್ಧೆಗೆ ತಯಾರಿ ಮಾಡುವಾಗ ನನಗೆ ಕಲಿಸಿದ ಮೊದಲ ಪಾಠ ಇದು: ಎದುರಾಳಿಯ ಇಡೀ ವಾದದ ಹಿಂದೆ ಓಡಬೇಡ. ಒಂದು ಶಬ್ದ ಹಿಡಿ. ಗಂಟೆ ಹೊಡೆಯುವವರೆಗೆ ಬಿಡಬೇಡ.

ಹಿಡಿದೆ. 'ಅದು'.

'ಹುಡುಗಿ ಅಂದರೆ ಏನು? ಕುರ್ಚಿಯೇ? ಕರುವೇ? ಇಡೀ ಪುಸ್ತಕದಲ್ಲಿ ಒಂದೇ ಒಂದು ಸಲ ಅವಳು ಅನ್ನಿಸಿಕೊಳ್ಳುವ ಯೋಗ್ಯತೆ ಈ ಮಗುವಿಗಿಲ್ಲವೇ?' ಚಪ್ಪಾಳೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಚಪ್ಪಾಳೆ ಬಿದ್ದ ಮೇಲೆ ನಿಲ್ಲಿಸಿದವರನ್ನು ನೀವು ನೋಡಿದ್ದೀರಾ? ಪುಸ್ತಕದ ಕೊನೆಯ ಪುಟದಲ್ಲಿ ಖಾಲಿ ಅಂಗಳ, ಒಂದು ಜೊತೆ ಚಪ್ಪಲಿ, ಅಡಿಯಲ್ಲಿ 'ಅದು ಎಲ್ಲಿ ಹೋಯಿತು?' ಎಂಬ ಸಾಲು. ನಾನು ಹತ್ತು ನಿಮಿಷ ಹುಡುಕಿದ್ದೆ, ಹುಡುಗಿ ಇರಲಿಲ್ಲ. 'ಚಿತ್ರಕಾರರು ಕೊನೆಯಲ್ಲಿ ಅವಳನ್ನು ಬಿಡಿಸಲಿಕ್ಕೇ ಮರೆತಿದ್ದಾರೆ,' ಎಂದೆ. '"ಅದು" ಅಂತ ಕರೆದ ಮೇಲೆ ಮರೆಯುವುದು ಸುಲಭ.'

ಸಭೆ ನಕ್ಕಿತು. ಎರಡನೇ ಸಾಲಿನಲ್ಲಿ ಕೂತಿದ್ದ ಶ್ಯಾಮಣ್ಣ ಎದ್ದು ನಿಂತರು. ಉತ್ತರ ಕೊಡುತ್ತಾರೆ ಎಂದುಕೊಂಡು ನಾನೂ ಎರಡನೇ ಸುತ್ತಿಗೆ ಸಿದ್ಧಳಾಗಿದ್ದೆ. ಅವರು ಹೇಳಿದ್ದು ಇಷ್ಟೆ: 'ನೀವು ಹೇಳಿದ್ದು ಸರಿ. ನಾನು ತಿದ್ದುತ್ತೇನೆ.' ಕೂತರು.

ಈಗ ಒಂದು ಪ್ರಶ್ನೆ. 'ಅದು' ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲವೇ?

ಚೆನ್ನಾಗಿ ಗೊತ್ತಿತ್ತು. ಶ್ಯಾಮಣ್ಣನ ಹಾಗೆ ನಮ್ಮ ಮನೆಮಾತೂ ಹವ್ಯಕ. ಆ ಮಾತಿನಲ್ಲಿ ಹೆಣ್ಣುಮಕ್ಕಳು 'ಅದು'. ಅಕ್ಕ ಬಂತು, ತಂಗಿ ಹೋಯಿತು, ಕೂಸು ಒರಗಿತು. (ಕೂಸು ಎಂದರೆ ನಮ್ಮಲ್ಲಿ ಹುಡುಗಿ. ಒರಗುವುದೆಂದರೆ ನಿದ್ದೆ.) ಎರಡನೇ ಕ್ಲಾಸಿನಲ್ಲಿ ನಾನು 'ನನ್ನ ಅಕ್ಕ ಐದನೇ ತರಗತಿಗೆ ಹೋಗುತ್ತದೆ' ಎಂದು ಬರೆದು, ಟೀಚರ್ ಅದನ್ನು ಗಟ್ಟಿಯಾಗಿ ಓದಿ, ಇಡೀ ಕ್ಲಾಸು ನಕ್ಕಿತ್ತು. ನಮ್ಮ ಕಡೆಯ ಮಕ್ಕಳು ಮಾತ್ರ ಮಾಡುವ ತಪ್ಪು ಅದು. ಅಂದು ನಗೆಗೀಡಾದ ನಾನೇ ಈಗ ಮೈಕ್ ಸಿಕ್ಕಿದ ಕೂಡಲೇ ಇನ್ನೊಬ್ಬರನ್ನು ಅದೇ ನಗೆಗೆ ಒಡ್ಡಿದೆ.

ಇನ್ನೂ ಒಂದುಂಟು. ಅದೇ ಪುಸ್ತಕದಲ್ಲಿ 'ಅಮ್ಮ ಕರೆದಳು' ಎಂದೇ ಇತ್ತು. ಅಂದರೆ ಶ್ಯಾಮಣ್ಣನಿಗೆ ವ್ಯಾಕರಣ ಗೊತ್ತಿತ್ತು. ಮಗುವಿಗೆ ಮಾತ್ರ, ಬೇಕೆಂದೇ, 'ಅದು' ಇಟ್ಟಿದ್ದರು. ನನ್ನ ವಾದಕ್ಕೆ ವಿರುದ್ಧವಾದ ಸಾಕ್ಷ್ಯ. ನಾನು ಅದನ್ನು ಓದಿದ್ದೆ, ವೇದಿಕೆಯಲ್ಲಿ ಹೇಳಲಿಲ್ಲ. ವಿರುದ್ಧ ಸಾಕ್ಷ್ಯ ಓದಿ ಹೇಳುವವರಿಗೆ ಕಪ್ ಸಿಗುವುದಿಲ್ಲ.

ಪುಸ್ತಕ ಬಂದ ದಿನ ಮಾಸ್ಟ್ರಿಗೆ ಫೋನ್ ಮಾಡಿದೆ. ಜಂಬ ಕೊಚ್ಚಲಿಕ್ಕೇ. 'ನೋಡಿ ಮಾಸ್ಟ್ರೇ, ವಿಮರ್ಶೆ ಅಂದರೆ ಹೀಗೆ ಫಲ ಕೊಡಬೇಕು.'

'ಹೇಳುವುದಾ ಬೇಡವಾ ಅಂತ ಇದ್ದೆ ಮಾರಾಯ್ತಿ,' ಎಂದರು. 'ನೀನು ಅವತ್ತು ಮಾತಾಡಿದ್ದು ಶ್ಯಾಮಣ್ಣ ತನ್ನ ಮಗಳ ನೆನಪಿಗೆ ಮಾಡಿದ ಪುಸ್ತಕದ ಬಗ್ಗೆ. ಜ್ವರ ಬಂದು ತೀರಿಹೋಯ್ತು ಆ ಹುಡುಗಿ. ಒಂಬತ್ತು ವರ್ಷ. ಅಡಗಿ ಕೂತುಕೊಳ್ಳುವ ಆಟ ಅಂದ್ರೆ ಅದಕ್ಕೆ ಪ್ರಾಣ ಅಂತೆ.'

'ನೀವು ಮೊದಲೇ ಯಾಕೆ ಹೇಳ್ಲಿಲ್ಲ?'

'ಅವರೇ ಬೇಡ ಹೇಳಿದ್ರು. ಅಯ್ಯೋ ಪಾಪ ಅಂತ ಹೊಗಳುವುದು ಬೇಡ, ಪುಸ್ತಕ ನೋಡಿ ಹೇಳಲಿ ಅಂತ.'

ಪುಸ್ತಕ ನೋಡಿ ಹೇಳಲಿ! ಹೇಳಿದ್ದೆನಲ್ಲ.

ಮಾರನೇ ದಿನ ವಿಟ್ಲದಿಂದ ಹೊರಟು, ಮೂರು ಬಸ್ಸು ಬದಲಿಸಿ ನೆರಿಯಕ್ಕೆ ಹೋದೆ. ಮೂರು ಬಸ್ಸಿನಲ್ಲೂ ಕ್ಷಮಾಪಣೆಯ ಭಾಷಣ ತಯಾರಿಸಿದೆ. ಪೀಠಿಕೆ, ಮೂರು ಪಾಯಿಂಟ್, ಉಪಸಂಹಾರ. ಶ್ಯಾಮಣ್ಣ ಜಗಲಿಯಲ್ಲಿ ಕೂತು ಯಾರಿಗೋ 'ನಾಯಿ ಉಂಟು ಜಾಗ್ರತೆ' ಎಂಬ ಬೋರ್ಡ್ ಬರೆಯುತ್ತಿದ್ದರು.

'ಬನ್ನಿ, ಬನ್ನಿ. ಈ ಬಿಸಿಲಿಗೆ ಇಷ್ಟು ದೂರ ಬಂದ್ರಲ್ಲ. ಪುಸ್ತಕ ಸಿಕ್ಕಿತಾ?'

'ಸಿಕ್ಕಿತು. ಶ್ಯಾಮಣ್ಣ, ನಾನು ಹೇಳಿದ್ದು ತಪ್ಪು.' ಪೀಠಿಕೆಯೂ ಇಲ್ಲ, ಉಪಸಂಹಾರವೂ ಇಲ್ಲ. ಅಷ್ಟೇ ಬಂತು ಬಾಯಿಗೆ.

'ಛೆ ಛೆ, ತಪ್ಪು ಎಂತದು? ಮಕ್ಕಳು ಓದುವ ಪುಸ್ತಕ. ಘಟ್ಟದ ಮೇಲಿನವರು ನೋಡಿದ್ರೆ ನಗಾಡ್ತಾರೆ. ಅವಳು ಇದ್ದಿದ್ರೆ ಅವಳೇ ತಿದ್ದುತ್ತಿದ್ಲು. ಕನ್ನಡದಲ್ಲಿ ಅವಳಿಗೆ ಯಾವಾಗ್ಲೂ ಫಸ್ಟ್.'

ಅವಳು. ಮೂರು ಸಲ.

'ಸ್ಟಿಕ್ಕರ್ ತೆಗೆಯುವ,' ಎಂದೆ. 'ನಾನೂ ಕೂತುಕೊಳ್ತೇನೆ. ಇನ್ನೂರು ಪ್ರತಿ ಆದ್ರೂ ಆಗಲಿ.'

'ತೆಗೀಲಿಕ್ಕೆ ಆಗುದಿಲ್ಲ. ಒಂದರಲ್ಲಿ ನೋಡಿದ್ದೇನೆ. ಎಳೆದ್ರೆ ಅಡಿಯ ಅಕ್ಷರವನ್ನೂ ಹಿಡ್ಕೊಂಡು ಬರ್ತದೆ.'

ಅಷ್ಟೂ ಸ್ಟಿಕ್ಕರ್‌ಗಳನ್ನು ಅವರು ಕೈಯಲ್ಲೇ ಬರೆದದ್ದಂತೆ. ಅಚ್ಚಿನ ಅಕ್ಷರಕ್ಕೂ ಅವರ ಅಕ್ಷರಕ್ಕೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಆಮೇಲೆ ದನಿ ಇಳಿಸಿ ಹೇಳಿದರು.

'ಕೊನೆಯ ಪುಟ ಒಂದು ಬಾಕಿ ಉಂಟು. ನೀವು ಹೇಳಿದ್ರಲ್ಲ, ಅವಳನ್ನು ಬಿಡಿಸ್ಲಿಕ್ಕೆ ಮರೆತದ್ದು ಅಂತ. ನಾಲ್ಕು ಸಲ ಕೂತೆ. ಆ ಅಂಗಳದಲ್ಲಿ ಅವಳನ್ನು ಎಲ್ಲಿ ಇಡುದು ಅಂತ ಗೊತ್ತಾಗ್ಲಿಲ್ಲ. ಅಲ್ಲಿ ಸ್ಟಿಕ್ಕರ್ ಹಚ್ಚಲಿಕ್ಕೂ ಕೈ ಹೋಗ್ಲಿಲ್ಲ. ಕ್ಷಮಿಸಬೇಕು.'

ಕ್ಷಮೆ ಕೇಳಲು ಹೋದವಳು ನಾನು. ಕೇಳಿದವರು ಅವರು.

ಈಗಲೂ ನಾನು ವಾದ ಬಿಟ್ಟಿಲ್ಲ. 'ಅದು' ಎನ್ನುವ ಬಾಯಲ್ಲೆಲ್ಲ ಪ್ರೀತಿಯೇ ಇರುತ್ತದೆ ಎಂದರೆ ಒಪ್ಪುವುದಿಲ್ಲ. ಬಂದ ಸೊಸೆಯನ್ನು 'ಅದು' ಎಂದು ಕರೆದು, ಹಾಗೇ ದುಡಿಸಿದ ಮನೆಗಳನ್ನೂ ನೋಡಿದ್ದೇನೆ. ಅದರ ವಿರುದ್ಧ ಬೇಕಾದರೆ ನಾಳೆಯೇ ಮಾತಾಡುತ್ತೇನೆ. ಆದರೆ ಶಬ್ದಕ್ಕೆ ಒಂದು ಮನೆ ಇರುತ್ತದೆ. ಬೇರೆ ಮನೆಯ ಅಪರಾಧಕ್ಕೆ ಈ ಮನೆಯವರನ್ನು ನಿಲ್ಲಿಸಿ ಕೇಳಿದೆನಲ್ಲ, ಅದು ವಿಮರ್ಶೆಯೇ?

ಅವತ್ತಿನ ಸಭೆಯಲ್ಲಿ ಇನ್ನೊಂದು ಮಾತೂ ಹೇಳಿದ್ದೆ. ತಾವೇ ಪ್ರಕಟಿಸಿಕೊಳ್ಳುವ ಪುಸ್ತಕಗಳಿಗೆ ಸಂಪಾದಕರಿಲ್ಲ, ಅದೇ ಅವುಗಳ ದೌರ್ಬಲ್ಯ ಎಂದು. ನಿಜ. ಸಂಪಾದಕರಿದ್ದಿದ್ದರೆ ಆ 'ಅದು' ಮೊದಲ ಪ್ರೂಫಿನಲ್ಲೇ ಹೋಗುತ್ತಿತ್ತು. ಯಾರೂ ತಿದ್ದದೆ ಇದ್ದುದರಿಂದಲೇ ಒಬ್ಬ ಅಪ್ಪನ ಬಾಯಿಯಲ್ಲಿದ್ದ ಹಾಗೆಯೇ ಅದು ಅಚ್ಚಿನವರೆಗೂ ಬಂದಿತ್ತು. ನರ್ಸಿನ ಕವಿತೆಗಳಲ್ಲಿ, ಕಂಡಕ್ಟರನ ಕತೆಗಳಲ್ಲಿ ನಾನು 'ತಪ್ಪು' ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿದ್ದೆಲ್ಲ ಏನೇನಿತ್ತೋ? ಆ ಗುರುತುಗಳನ್ನು ಮತ್ತೆ ತೆರೆದು ನೋಡುವ ಧೈರ್ಯ ಇನ್ನೂ ಬಂದಿಲ್ಲ.

ಹೊರಡುವಾಗ ಶ್ಯಾಮಣ್ಣನ ಹೆಂಡತಿ ಸಾವಿತ್ರಕ್ಕ ಗೇಟಿನವರೆಗೆ ಬಂದರು. ಆಗ ನಿಂಬೆ ಶರಬತ್ತು ತಂದುಕೊಟ್ಟವರು. ಸ್ಟಿಕ್ಕರ್‌ಗಳನ್ನು ಕತ್ತರಿಸಿ ಕೊಟ್ಟದ್ದು ಅವರೇ ಅಂತೆ. ನನ್ನ ಮನೆಮಾತು ಗೊತ್ತಿದ್ದುದರಿಂದ ಅದರಲ್ಲೇ ಹೇಳಿದರು.

'ಇವು ಈಗ ಮನೆಲಿಯೂ ಅವಳು, ಅವಳು ಹೇಳಿಯೇ ಹೇಳುದು. ಆರದ್ದೋ ಮಗಳ ಸುದ್ದಿ ಕೇಳಿದ ಹಾಂಗೆ ಆವ್ತು ಎನಗೆ.'

(ಇವು ಎಂದರೆ ಇವರು, ಗಂಡ.) ಯಾರದೋ ಮಗಳ ಸುದ್ದಿ ಕೇಳಿದ ಹಾಗೆ. ಸಿಟ್ಟಿನಿಂದ ಹೇಳಿದ್ದಲ್ಲ.

ಸಂಜೆ ಮನೆಗೆ ಬಂದು ಮೆಟ್ಟಿಲ ಬಳಿ ಚಪ್ಪಲಿ ಬಿಚ್ಚುತ್ತಿದ್ದೆ. ಸದ್ದು ಕೇಳಿ ಅಮ್ಮ ಒಳಗಿದ್ದ ಅಪ್ಪನಿಗೆ ಕೂಗಿ ಹೇಳಿದಳು: 'ಅದು ಬಂತದಾ! ಚಾಯಕ್ಕೆ ನೀರು ಮಡುಗಿ.'

ಆಕ್ಷೇಪ ಎತ್ತುವವರು ಯಾರಾದರೂ ಇದ್ದೀರಾ?