ಗಾಜಿನ ಬೆನ್ನಿಗೆ ಅಂಟಿದ ಹಡಗು

ಹೊತ್ತು ಮೂಡುವ ಮೊದಲೇ ಹರವೆಯ ಶಿವಲಕ್ಷ್ಮಿಗೆ ಸಿಟ್ಟು ಬಂದಿದೆ. ಯಾರೋ ಫ್ಯಾನ್ ಹಾಕಿಬಿಟ್ಟಿದ್ದಾರೆ. ಕತ್ತರಿಸಿಟ್ಟಿದ್ದ ಕಾಗದದ ಹಡಗು, ಹಾಯಿ, ಲಂಗರು, ಕಡಲಹಕ್ಕಿ ಎಲ್ಲವೂ ಮಂಚದಡಿ ಸೇರಿವೆ.

"ಅತ್ಯಮ್ಮ, ಫ್ಯಾನ್ ಹಾಕ್‌ಬ್ಯಾಡಿ ಅಂತ ಎಷ್ಟ್ ಸಲ ಬಡ್ಕೊಳ್ಳದು?"

"ಸೊಳ್ಳೆ ಕಣಮ್ಮಿ," ಎನ್ನುತ್ತಾರೆ ಅತ್ತೆ ಬಸವಮ್ಮ. "ಅಲ್ದೆ, ಅಡಗು ಗಾಳಿಗೆ ತಾನೆ ಓಗದು?"

ಸಾದಾ ಗಾಜಿನ ತಟ್ಟೆಯ ಬೆನ್ನಿಗೆ ಹಡಗಿನ ಚಿತ್ರ ಅಂಟಿಸುವುದು ಶಿವಲಕ್ಷ್ಮಿಯ ಕೆಲಸ. ಚಿತ್ರದ ಮುಖ ಗಾಜಿಗೆ ತಾಗುವಂತೆ ಗೋಂದು ಹಚ್ಚಿ, ನಡುವಿನಿಂದ ಅಂಚಿನತ್ತ ಬೆರಳಾಡಿಸಿ ಗಾಳಿಗುಳ್ಳೆ ಹೊರಡಿಸಬೇಕು. ಮೊದಲು ಹಡಗು, ಅದರ ಮೇಲೆ ಅಲೆ, ಕೊನೆಗೆ ಬೆನ್ನಿಗೆಲ್ಲ ನೀಲಿ ಬಣ್ಣ. ತಿರುಗಿಸಿದರೆ ಗಾಜಿನಡಿ ಕಡಲು. ಬಿಸಿಲೇರಿದರೆ ಗೋಂದು ಬೇಗ ಎಳೆದುಕೊಂಡು ಕಾಗದ ಸುಕ್ಕಾಗುತ್ತದೆ. ಆ ಹೊತ್ತಿಗೆ ಹೇಗೂ ಅರಿಶಿನದ ಹೊಲದಲ್ಲಿ ಕಳೆ ಕೀಳಲು ಹೋಗಬೇಕು.

ಕಡಲನ್ನು ಆಕೆ ಕಂಡಿಲ್ಲ. ಗುಂಡ್ಲುಪೇಟೆಯ ಕೇರಳ ರಸ್ತೆಯಲ್ಲಿ ಉಡುಗೊರೆ ಅಂಗಡಿ ಇಟ್ಟಿರುವ ಮಲ್ಲಿಕಾರ್ಜುನಸ್ವಾಮಿ ಒಂದು ಮಾದರಿ ತೋರಿಸಿದ್ದೇ ಪಾಠ. ಕಲ್ಲಿಕೋಟೆ ಕಡಲು ನೋಡಿ ಮರಳುವವರು ಹಡಗಿನ ತಟ್ಟೆಯನ್ನು ಕಂಡೊಡನೆ ಇಷ್ಟಪಟ್ಟು ಕೊಂಡರು. ಅಷ್ಟೇ ಬೇಗ ತಟ್ಟೆಗಳು ವಾಪಸೂ ಬಂದವು. ಕೊಂಡವರು ನೀರಲ್ಲಿ ನೆನೆಹಾಕಿ ತಿಕ್ಕಿದ್ದರಿಂದ ಬೆನ್ನಿನ ಚಿತ್ರ ಕಿತ್ತುಬಂದಿತ್ತು.

"ಬಟ್ಟೇಲಿ ಒರಸ್ಕೊಳಿ ಅಂತ ಯೋಳಕಾಗಲ್ವಾ ಸ್ವಾಮಿ?" ಎಂದು ಆಕೆ ಸಿಡುಕಿದರೆ, ಅವರದೂ ಸಿಡುಕೇ: "ತಟ್ಟೆ ಅಂದ್ಮೇಲೆ ಉಣ್ತಾರೆ, ತೊಳೀತಾರೆ. ಪೂಜೆ ಮಾಡ್ತಾರಾ ಶಿವಲಕ್ಷ್ಮಕ್ಕ? ಇನ್ನೊಂದ್ಸಲ ವಾಪಸ್ ಬಂದ್ರೆ ನಾನಂತೂ ಇಡಕಿಲ್ಲ."

ಅಂಗಡಿ ಕೈಬಿಟ್ಟರೆ ಉಳಿಯುವುದು ಕಳೆ ಕೀಳುವ ಕೂಲಿಯೊಂದೇ.

ಮನೆಯಲ್ಲೂ ಇದೇ ಪಾಡು. ಒಣಗಲೆಂದು ಇಟ್ಟಿದ್ದ ತಟ್ಟೆಯಲ್ಲಿ ಬಸವಮ್ಮ ಒಮ್ಮೆ ಪಕ್ಕದ ಮನೆಗೆ ಕಜ್ಜಾಯ ಕಳಿಸಿದರು. ಖಾಲಿ ತಟ್ಟೆ ಹಿಂದಿರುಗಿಸಬಾರದಲ್ಲ, ಆ ಮನೆಯವರು ಚೊಕ್ಕವಾಗಿ ತೊಳೆದು ಅವರೆಕಾಯಿ ತುಂಬಿ ಕೊಟ್ಟರು. ಹಡಗು ಅವರ ಮೋರಿ ಸೇರಿತ್ತು. "ಅವರೆಕಾಯಿ ಈಸ್ಕೊಂಡು ಏನಂತ ಬಯ್ಯದು?" ಎನ್ನುತ್ತಾರೆ ಶಿವಲಕ್ಷ್ಮಿ.

ಮದ್ದು ಸಿಕ್ಕಿದ್ದು ಲಾರಿಗಳ ನಡುವೆ. ಗುಂಡ್ಲುಪೇಟೆಯಲ್ಲಿ ಲಾರಿಗಳಿಗೆ ಬಣ್ಣ ಬಳಿಯುವ ಶಿವಮಲ್ಲು, ವೈನಾಡಿನ ಮಳೆಗೂ ಬಣ್ಣ ಜಗ್ಗದಂತೆ ತಾವು ಮೇಲೆ ಹಚ್ಚುವ ವಾರ್ನಿಷ್ ಕೊಟ್ಟರು. "ಒಂದ್ ಕೋಟ್ ಒಣಗೋಗಂಟ ಇನ್ನೊಂದ್ ಬಳೀಬ್ಯಾಡ ಕಣಕ್ಕ. ಅಂಚ್ಗೆ ಚೆನ್ನಾಗಿ ಬಳಿ, ನೀರು ನುಗ್ಗೋದೇ ಅಲ್ಲಿ." ಹಾಗೆ ಕಾದು ಕಾದು ಬಳಿದ ಮೊದಲ ತಟ್ಟೆ ಇವತ್ತು ಅಂಗಡಿಗೆ ಹೋಗಬೇಕು.

ಹೋಗುವ ಮುನ್ನ ಅದಕ್ಕೊಂದು ಪರೀಕ್ಷೆ. ಶಿವಲಕ್ಷ್ಮಿ ಏನೂ ಹೇಳದೆ ಅದನ್ನು ಮುಸುರೆ ಪಾತ್ರೆಗಳ ನಡುವೆ ಬೋರಲು ಹಾಕಿ, ಬಾಗಿಲ ಮರೆಯಲ್ಲಿ ನಿಲ್ಲುತ್ತಾರೆ. ಬಸವಮ್ಮ ತೆಂಗಿನ ನಾರಿಗೆ ಸೋಪು ಹಚ್ಚಿ ತಿಕ್ಕುತ್ತಾರೆ. ಮಬ್ಬು ಬೆಳಕಿಗೆ ಹಿಡಿದು ನೋಡಿ ಮತ್ತೆ ತಿಕ್ಕುತ್ತಾರೆ. ಉಗುರಿನಿಂದ ಅಂಚು ಕೆರೆಯುತ್ತಾರೆ. ಶಿವಲಕ್ಷ್ಮಿ ಸೆರಗು ಕಚ್ಚಿಕೊಂಡಿದ್ದಾರೆ.

"ಥೂ, ಇದ್ಯಾವ ನೀಲಿ ಕರೆ ಕಣಮ್ಮಿ? ಎಷ್ಟ್ ಉಜ್ಜುದ್ರೂ ಓಯ್ತಾನೇ ಇಲ್ಲ!"

ಶಿವಲಕ್ಷ್ಮಿ ಓಡಿಬಂದು ತಟ್ಟೆ ಕಿತ್ತುಕೊಳ್ಳುತ್ತಾರೆ. ತಿರುಗಿಸಿದರೆ ಹಡಗು ಇದ್ದಲ್ಲೇ ಇದೆ.

"ಬುಡಿ ಅತ್ಯಮ್ಮ," ಎನ್ನುತ್ತಾರೆ ಸೆರಗಿನಿಂದ ಒರೆಸುತ್ತ. "ನಿಮ್ ಕೈಲೇ ಓಗ್ನಿಲ್ಲ ಅಂದ್ಮೇಲೆ ಇನ್ಯಾರ ಕೈಲೂ ಓಗದಿಲ್ಲ."