ಎಲ್ಲವ್ವನ ಓಟ

ನಾನು ಈ ಜನ್ಮದಲ್ಲಿ ಓಡಿದ್ದೆಲ್ಲ ಹೊಸಪೇಟೆಯ ಬಸ್ ಸ್ಟ್ಯಾಂಡಿನಲ್ಲಿ, ಅದೂ ಆಗಲೇ ಹೊರಟ ಬಸ್ಸುಗಳ ಹಿಂದೆ. ಅಂಥವನಿಗೆ ಆಸ್ಟ್ರೇಲಿಯಾದ ಓಟಗಾರ್ತಿಯೊಬ್ಬಳ ಹಿಂದೆ ನೀರಿನ ಬಾಟಲಿ ಇಟ್ಟುಕೊಂಡು ಸ್ಕೂಟರಿನಲ್ಲಿ ಹೋಗುವ ಯೋಗ ಕೂಡಿಬಂದದ್ದು ನಮ್ಮಕ್ಕನ ದೆಸೆಯಿಂದ.

ಅಕ್ಕನ ಮನೆ ಇರುವುದು ಬುಕ್ಕಸಾಗರದಲ್ಲಿ, ಭತ್ತದ ಗದ್ದೆಗಳ ಅಂಚಿಗೆ. ಹಂಪಿ ನೋಡಲು ಬಂದವರಿಗೆ ಮಹಡಿಯ ಕೋಣೆಯನ್ನು ಬಾಡಿಗೆಗೆ ಕೊಡುತ್ತಾಳೆ. ಹೋದ ಚಳಿಗಾಲ ಅಲ್ಲಿಗೆ ಬಂದವಳು ಹೆಲೆನ್. ವಯಸ್ಸು ಐವತ್ತು ದಾಟಿತ್ತು. ಮಾರನೆಯ ದಿನಕ್ಕೇ ಅಕ್ಕನ ನಾಲಿಗೆಯಲ್ಲಿ ಎಲ್ಲವ್ವ ಆದಳು. ಬೆಳಗಾಗುತ್ತಲೇ ಎಲ್ಲವ್ವ ಕಂಪ್ಲಿ ರಸ್ತೆಯಲ್ಲಿ ಓಡತೊಡಗಿದಳು. ನಮ್ಮ ಕಡೆ ಹೆಂಗಸೊಬ್ಬಳು ರಸ್ತೆಯಲ್ಲಿ ಓಡಿದರೆ ಮನೆಯಲ್ಲಿ ಏನೋ ಆಗಿದೆ ಎಂದೇ ಅರ್ಥ. ಬೈಕಿನವರು ನಿಲ್ಲಿಸಿ, "ಹತ್ರಿ ಮೇಡಂ, ಎಲ್ಲಿಗ್ ಬಿಡ್ಲಿ?" ಎನ್ನುವರು. ಒಲ್ಲೆನ್ನಲು ಸಂಕೋಚಪಟ್ಟು ಆಕೆ ಹತ್ತಿಬಿಡುವಳು. ಓಡಲು ಹೋದವಳು ಮೊದಲ ವಾರವೆಲ್ಲ ಬೈಕಿನ ಮೇಲೇ ಮನೆಗೆ ಬಂದಳು.

ಇಂಗ್ಲಿಷ್ ಬಲ್ಲವನೆಂದು ಅಕ್ಕ ನನ್ನನ್ನು ಹೊಸಪೇಟೆಯಿಂದ ಕರೆಸಿದಳು. ಕಟ್ಟೆಯ ಮೇಲೆ ಮಂಡಕ್ಕಿ ಮಿರ್ಚಿ ತಿನ್ನುತ್ತ ಹೆಲೆನ್ ಹೇಳಿದ್ದನ್ನು ನಾನು ಅಕ್ಕನಿಗೆ ಕನ್ನಡದಲ್ಲಿ ಹೇಳಿದೆ. ಅವಳಪ್ಪ ಕುರಿ ಸಾಕುತ್ತಿದ್ದ. ಶಾಲೆಯ ಬಸ್ಸು ನಿಲ್ಲುವ ಜಾಗಕ್ಕೆ ದಿನಾ ಓಡಿ ಓಡಿ ಅವಳ ಕಾಲು ಪಳಗಿದವು. ಮುಂದೆ ದೂರದ ಓಟಗಳಲ್ಲಿ ದೇಶಕ್ಕಾಗಿ ಓಡಿದಳು. ಒಂದು ದೊಡ್ಡ ಓಟದ ಕೊನೆಯ ಸುತ್ತಿನಲ್ಲಿ ಎಲ್ಲರಿಗಿಂತ ಮುಂದಿದ್ದಳು. ಹಿಂದೆ ಹೆಜ್ಜೆ ಸಪ್ಪಳ ಕೇಳಿಸಿತು. ತಿರುಗಿ ನೋಡಿದಳು, ಎಡವಿ ಬಿದ್ದಳು. ಗಾಯವೇನೋ ಮಾಯಿತು, ತಿರುಗಿ ನೋಡುವ ಚಟ ಹೋಗಲಿಲ್ಲ. ನೋಡಿದಾಗಲೆಲ್ಲ ಯಾರೋ ಒಬ್ಬರು ದಾಟಿಹೋಗುವರು. ಕೊನೆಗೆ ಪಂದ್ಯಗಳನ್ನೇ ಬಿಟ್ಟು ಶಾಲೆಯಲ್ಲಿ ಆಟದ ಟೀಚರಾದಳು. ನಮ್ಮಲ್ಲಿ ಹಿಂದುಮುಂದು ನೋಡುವವರನ್ನೇ ಜಾಣರೆನ್ನುತ್ತೇವೆ. ಓಟದಲ್ಲಿ ಮಾತ್ರ ಆ ಜಾಣತನ ಹಲ್ಲು ಮುರಿಯುತ್ತದೆ.

ಎಲ್ಲ ಕೇಳಿ ಅಕ್ಕ, "ಬಿದ್ದಾಗ ಯಾರು ಎಬ್ಬಿಸಿದ್ರಂತ?" ಎಂದಳು.

"ಯಾರೂ ಇಲ್ಲ, ನಾನೇ ಎದ್ದೆ" ಎಂದಳು ಹೆಲೆನ್. ಅಕ್ಕ ಅವಳ ತಟ್ಟೆಗೆ ಇನ್ನೊಂದು ಮಿರ್ಚಿ ಹಾಕಿದಳು.

ಅದೇ ವಾರ, ಕಮಲಾಪುರದಿಂದ ಹಂಪಿಯವರೆಗೆ ಓಟದ ಸ್ಪರ್ಧೆ ಇಟ್ಟುಕೊಂಡಿದ್ದ ಕೆಲವರು ಮೇಡಮ್ಮನ್ನು ಕರೆಯಲು ಬಂದರು. ಮೊದಲೇ ಬಿಳಿಯ ಮುಖ, ಇನ್ನಷ್ಟು ಬಿಳಿಚಿಕೊಂಡಿತು. ಹೆಲೆನ್ ತಲೆ ಅಲ್ಲಾಡಿಸಿದಳು.

"ಒಲ್ಲೆ ಅನಬ್ಯಾಡ ಎಲ್ಲವ್ವ, ನಾನೂ ಬರ್ತೀನಿ" ಎಂದಳು ಅಕ್ಕ.

"ಅಕ್ಕ, ನಿನ್ ಮಂಡಿ?" ಎಂದೆ.

"ಓಡಾಕಿ ಆಕಿ. ನಾ ನಡೀತೀನಿ. ನಡದ್ರ ಹಂಪಿ ಬರಂಗಿಲ್ಲೇನು?"

ಓಟದ ದಿನ ಅಕ್ಕ ಇಳಕಲ್ ಸೀರೆಯ ಸೆರಗಿಗೆ ನಂಬರಿನ ಚೀಟಿ ಚುಚ್ಚಿಕೊಂಡು ಬಂದಳು. ಸೀಟಿ ಊದಿದ್ದೇ ತಡ, ಎಲ್ಲರೂ ಮುಂದಕ್ಕೆ ಹೋದರು. ಹೆಲೆನ್ ಮಾತ್ರ ಅಕ್ಕನ ಪಕ್ಕದಲ್ಲೇ ಹೆಜ್ಜೆ ಎಳೆಯುತ್ತ ಸಾಗಿ, ಮತ್ತೆ ಮತ್ತೆ ಹಿಂದೆ ನೋಡುತ್ತಿದ್ದಳು. ಹಿಂದೆ ಇದ್ದದ್ದು ನನ್ನ ಸ್ಕೂಟರೊಂದೇ.

ಅಕ್ಕನಿಗೆ ಸಾಕಾಯಿತು. "ಹಿಂದ ಏನ್ ನೋಡ್ತಿ? ಹಿಂದ ನಾ ಇರ್ತೀನಿ. ನೀ ನಡಿ."

ಸ್ಕೂಟರಿನ ಮೇಲಿಂದಲೇ ಅನುವಾದಿಸಿದೆ. ಹೆಲೆನ್ ಒಂದು ಗಳಿಗೆ ಅಕ್ಕನ ಮುಖವನ್ನೇ ನೋಡಿದಳು. ಆಮೇಲೆ ಓಡಿದಳು. ಸಂಡೂರಿನ ಹುಡುಗರ ಗುಂಪೊಂದು ಹಿಂದೆ ಬಿತ್ತು, ಬಂಡೆಗಳ ನಡುವಿನ ಏರು ಹಿಂದೆ ಬಿತ್ತು. ನನ್ನ ಸ್ಕೂಟರು ಏದುಸಿರು ಬಿಟ್ಟಿತೇ ಹೊರತು ಆಕೆ ಬಿಡಲಿಲ್ಲ. ಹೆಂಗಸರಲ್ಲಿ ಪಾಪಿನಾಯಕನಹಳ್ಳಿಯ ಹುಡುಗಿಯೊಬ್ಬಳು ಮೊದಲು ಮುಟ್ಟಿದಳು, ಹೆಲೆನ್ ಎರಡನೆಯವಳು.

ನೀರು ಕೊಡುತ್ತ, "ನಿಮ್ಮ ಹಿಂದೆ ಬಂದದ್ದು ಯಾರು?" ಎಂದು ಕೇಳಿದೆ.

"ಗೊತ್ತಿಲ್ಲ" ಎಂದಳು. ಹಾಗೆಂದವಳು ಮುಖ ಒರೆಸಿಕೊಂಡಳು. ಅದು ಬೆವರೆಂದುಕೊಳ್ಳುವುದು ಸಭ್ಯತೆ. ನಾನು ಹಾಗೇ ಅಂದುಕೊಂಡೆ.

ಅಕ್ಕ ದೂರದಲ್ಲಿ ಕಾಣಿಸಿಕೊಂಡಾಗ ಶಾಮಿಯಾನ ಬಿಚ್ಚುತ್ತಿದ್ದರು. ಹೆಲೆನ್ ಓಡಿಹೋಗಿ, ಗುರಿಯಲ್ಲಿ ಕಟ್ಟಿದ್ದ ಕೆಂಪು ಪಟ್ಟಿಯನ್ನು ಇಸಿದುಕೊಂಡು ಬಂದು, ಒಂದು ತುದಿಯನ್ನು ನನಗೆ ಕೊಟ್ಟು ಇನ್ನೊಂದನ್ನು ತಾನು ಹಿಡಿದು ನಿಂತಳು. ಅಕ್ಕ ಹತ್ತಿರ ಬಂದು, ಪಟ್ಟಿಯ ಮುಂದೆ ನಿಂತುಬಿಟ್ಟಳು.

"ಎತ್ತಿ ಹಿಡೀರಿ ಇದನ್ನ. ಬಗ್ಗಾಕ ಆಗಂಗಿಲ್ಲ ನನಗ."

ಗೆದ್ದವರು ಅದನ್ನು ಎದೆಯಿಂದ ತಳ್ಳಿಕೊಂಡು ಹೋಗುತ್ತಾರೆಂದು ತಿಳಿಸಿ ಹೇಳುವುದು ನನ್ನ ಕೆಲಸವಾಗಿತ್ತು. ಹೇಳಲಿಲ್ಲ. ಇಬ್ಬರೂ ಕೈ ಮೇಲೆತ್ತಿದೆವು. ಅಕ್ಕ ತಲೆ ಬಗ್ಗಿಸದೆ ಅದರ ಕೆಳಗೆ ನಡೆದು ಬಂದಳು.